ಪಹಣಿಯಲ್ಲಿಲ್ಲದ ತೋಪು

ಹಿಂದೆಲ್ಲ ನಮ್ಮ ಕಡೆ ಯಾರಾದರೂ ಮನೆ ಕಟ್ಟಿಸಿದರೆ ನೆಂಟರಿಷ್ಟರು ಕೇಳುತ್ತಿದ್ದ ಮೊದಲ ಮಾತು ‘ಎಷ್ಟಂಕಣದ ಮನೆ?’ ಎಂಬುದು. ಎರಡನೆಯದು ‘ಬಾವಿ ನೀರು ಹೇಗೆ?’ ಕೋಲಾರ ಸೀಮೆಯಲ್ಲಿ ಈ ಎರಡನೆಯ ಪ್ರಶ್ನೆ ಕೇಳುವ ಕಾಲ ಎಂದೋ ಮುಗಿಯಿತು. ಗೃಹಪ್ರವೇಶದ ಊಟಕ್ಕೆ ಕೂತವರು ಬೋರ್‌ವೆಲ್ಲಿನ ಆಳ ವಿಚಾರಿಸಿದರೆ ಬಡಿಸುವವರ ಕೈ ಬಿಗಿಯಾಗುತ್ತದೆ. ಹಾಗಾಗಿ ಈಗಿನವರು ಅಪಾಯವಿಲ್ಲದ ಪ್ರಶ್ನೆಯೊಂದನ್ನು ಹುಡುಕಿಕೊಂಡಿದ್ದಾರೆ: ‘ಎಲಿವೇಷನ್ ಯಾರ ಕೈಲಿ ಮಾಡಿಸಿದ್ರಿ?’

ಎಲಿವೇಷನ್ ಅಂದರೆ ಮನೆಯ ಮುಖ. ಆ ಮುಖಕ್ಕೆ ಹಿಂದೆ ಸುಣ್ಣವೂ ಕೆಮ್ಮಣ್ಣಿನ ಪಟ್ಟೆಯೂ ಸಾಕಾಗಿತ್ತು. ಈಗ ಗಾಜು ಬೇಕು. ಮೆಟ್ಟಿಲಿನ ಗೋಡೆಗೆ ಕೆಳಗಿನಿಂದ ಮೇಲಿನವರೆಗೂ ನೀಲಿ ಗಾಜು, ಬಾಲ್ಕನಿಗೆ ಕಂಬಿಯ ಬದಲು ಗಾಜು, ಎದುರುಗೋಡೆಗೆ ಒಳಗಿನವರು ಹೊರಗೆ ಕಾಣದ, ಹೊರಗಿನವರಿಗೆ ತಮ್ಮ ಮುಖವೇ ಕಾಣುವ ರಿಫ್ಲೆಕ್ಟಿವ್ ಗಾಜು. ಮಾಲೂರಿನಂಥ ಮಾಲೂರಿನಲ್ಲೇ ಈ ಕಥೆ. ಒಂದು ಕಾಲಕ್ಕೆ ಅಲ್ಲಿಯ ಹೆಂಚು ಇಡೀ ಸೀಮೆಗೆ ನೆರಳು ಕೊಡುತ್ತಿತ್ತು. ಅಲ್ಲಿಯ ಇಟ್ಟಿಗೆ ಇಲ್ಲದೆ ಬೆಂಗಳೂರಿನ ಬಡಾವಣೆಗಳು ಏಳುತ್ತಿರಲಿಲ್ಲ. ಈಗ ಇಟ್ಟಿಗೆ ಗೂಡಿನ ಯಜಮಾನರೇ ತಮ್ಮ ಮನೆಯ ಇಟ್ಟಿಗೆ ಒಂದೂ ಕಾಣದ ಹಾಗೆ ಗಾಜು ಹೊದೆಸುತ್ತಾರೆ. ಮಾರುವವನಿಗೆ ತನ್ನ ಸರಕಿನ ಮೇಲೆ ಅಷ್ಟಾಗಿ ಮೋಹವಿರುವುದಿಲ್ಲವೆಂಬುದು ಹಳೆಯ ಸತ್ಯ. ಮಿಠಾಯಿ ಅಂಗಡಿಯವರ ಮಕ್ಕಳು ಖಾರದ ಬೂಂದಿ ತಿನ್ನುವುದನ್ನು ನಾನೇ ನೋಡಿದ್ದೇನೆ.

ಹೆಂಚಿನ ಮನೆಗಳಲ್ಲಿ ಗಾಜು ಇರಲೇ ಇಲ್ಲವೆಂದಲ್ಲ. ಅಡುಗೆಮನೆಯ ಮೇಲೆ ಒಂದೋ ಎರಡೋ ಗಾಜಿನ ಹೆಂಚು, ಅದರಿಂದ ಒಲೆಯ ಹೊಗೆಯೊಳಕ್ಕೆ ಇಳಿಯುವ ಬಿಸಿಲುಕೋಲು. ನಡುಮನೆಯಲ್ಲಿ ಒಂದು ನಿಲುಗನ್ನಡಿ. ಗೋಡೆಯ ಮೇಲೆ ಸಾಲಾಗಿ ತಿರುಪತಿ ತಿಮ್ಮಪ್ಪ, ಮುಳಬಾಗಿಲ ಆಂಜನೇಯ, ಕೋಟು ತೊಟ್ಟ ತಾತ. ಈ ಪಟಗಳನ್ನು ಗೋಡೆಗೆ ಒರಗಿಸದೆ ಮುಂದಕ್ಕೆ ಬಾಗಿಸಿ ತೂಗುಹಾಕುತ್ತಿದ್ದುದರಿಂದ ಹಿಂದೊಂದು ಸಂದು ಉಳಿಯುತ್ತಿತ್ತು. ಆ ಸಂದಿನಲ್ಲಿ ಗುಬ್ಬಚ್ಚಿಗಳು ಸಂಸಾರ ಹೂಡುತ್ತಿದ್ದವು. ತಾತನ ತಿಥಿಯ ದಿನ ಪಟ ಒರೆಸಲು ಹೋದರೆ ಹಿಂದಿನಿಂದ ಮರಿಗಳ ಚಿಲಿಪಿಲಿ. ‘ಬಿಡ್ರೋ, ಅವುಗಳ ಪಾಡಿಗೆ ಅವಿರ್ಲಿ’ ಎಂದು ಅಜ್ಜಿ ಪಟದ ಮುಂಭಾಗಕ್ಕಷ್ಟೇ ಗಂಧ ಹಚ್ಚಿ ಇಳಿಯುತ್ತಿದ್ದಳು. ಆ ಕಾಲದಲ್ಲಿ ಗಾಜಿಗೂ ಹಕ್ಕಿಗೂ ವೈರವಿರಲಿಲ್ಲ. ಗಾಜು ಚಿಕ್ಕದಾಗಿತ್ತು.

ಅದು ದೊಡ್ಡದಾಗಿದ್ದು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿಯ ದಯೆಯಿಂದ. ಕರಗಿದ ತವರದ ಮೇಲೆ ಕಾದ ಗಾಜನ್ನು ತೇಲಿಸಿ ಉದ್ದಾನುದ್ದ ಹಾಳೆ ತೆಗೆಯುವ ವಿದ್ಯೆಯನ್ನು ಅವರು 1950ರ ದಶಕದಲ್ಲಿ ಕಂಡುಕೊಂಡು 1959ರಲ್ಲಿ ಲೋಕಕ್ಕೆ ಸಾರಿದರು. ನಮ್ಮ ಮುಳಬಾಗಿಲು, ಕೋಲಾರಗಳನ್ನು ಹಾದು ಬೆಂಗಳೂರು ಸೇರುವ ಹಳೇ ಮದ್ರಾಸ್ ರಸ್ತೆಯ ಆ ತುದಿಯಲ್ಲಿ, ಶ್ರೀಪೆರಂಬುದೂರಿನಲ್ಲಿ, ಸೇಂಟ್-ಗೋಬೇನ್ ಕಂಪನಿಯ ಇಂಥದೇ ಕಾರ್ಖಾನೆ 2000ರಲ್ಲಿ ಶುರುವಾಯಿತು. ಆಮೇಲೆ ಗಾಜಿಗೆ ಬರವಿಲ್ಲ. ನೀರಿಗೆ ಬರ ಬಂದ ಊರಿನಲ್ಲಿ ಗಾಜಿಗೆ ಬರ ಬರಲಿಲ್ಲ ನೋಡಿ.

ಶ್ರೀನಿವಾಸಪುರದ ಹೊರಗೆ ನಮ್ಮಕ್ಕ-ಭಾವನ ಹೊಸಮನೆ ಇದೆ. ಭಾವನದು ಮಾವಿನ ಮಂಡಿ. ಮನೆಯ ಮುಂದೆ ರಸ್ತೆ, ರಸ್ತೆಯಾಚೆ ಅವರದೇ ತೋಪು: ಬಾದಾಮಿ, ಬೇನಿಷಾ, ತೋತಾಪುರಿ, ಮೂಲೆಯಲ್ಲಿ ಹಳೆಯ ರಸಪುರಿ ಮರಗಳು. ಮನೆಯ ಎಲಿವೇಷನ್ನಿಗೆ ಬೆಂಗಳೂರಿನಿಂದ ಹುಡುಗರು ಬಂದು ಎರಡಂತಸ್ತಿನೆತ್ತರಕ್ಕೆ ಗಾಜು ಕೂರಿಸಿ ಹೋದರು. ಕೆಲಸ ಮುಗಿದ ಸಂಜೆ ಭಾವ ನನ್ನನ್ನು ರಸ್ತೆಯಂಚಿಗೆ ಕರೆದೊಯ್ದು ನಿಲ್ಲಿಸಿ, ‘ಈಗ ನೋಡು’ ಅಂದರು. ನೋಡಿದೆ. ಗಾಜಿನೊಳಗೆ ಇಡೀ ತೋಪು ನಿಂತಿತ್ತು. ಅದೇ ಬಾದಾಮಿ, ಅದೇ ಬೇನಿಷಾ, ಎಲೆಯ ಮೇಲಿನ ಅದೇ ಬಿಸಿಲು, ಮೇಲೆ ಅದೇ ಆಕಾಶ. ‘ಒಂದು ತೋಪಿಗೆ ಎರಡು ತೋಪಾಯ್ತು ಭಾವ’ ಎಂದೆ. ಅವರಿಗೆ ಖುಷಿಯಾಯಿತು. ಎರಡನೆಯ ತೋಪಿಗೆ ಸರ್ವೆ ನಂಬರಿಲ್ಲ, ಪಹಣಿಯಿಲ್ಲ, ಕಂದಾಯವಿಲ್ಲ. ಆದರೆ ಮನುಷ್ಯರ ಹಾಗೆ ಪಹಣಿ ನೋಡಿ ಒಳಗೆ ಕಾಲಿಡುವ ಪದ್ಧತಿ ಹಕ್ಕಿಗಳಲ್ಲಿಲ್ಲ.

ಮರುದಿನ ಬೆಳಿಗ್ಗೆ ಕಾಫಿ ಕುಡಿಯುವಾಗ ‘ದಡ್’ ಎಂದು ಸದ್ದು. ಹುಡುಗರು ಚೆಂಡು ಎಸೆದರೆಂದು ಅಕ್ಕ ಬೈಯುತ್ತ ಹೊರಗೆ ಹೋದಳು. ಹುಡುಗರೂ ಇಲ್ಲ, ಚೆಂಡೂ ಇಲ್ಲ. ಗಾಜಿನ ಮೇಲೆ ಆಳೆತ್ತರದಲ್ಲಿ ಒಂದು ಹಕ್ಕಿಯ ಚಿತ್ರ ಮೂಡಿತ್ತು. ಎರಡೂ ರೆಕ್ಕೆ ಪೂರ್ತಿ ಬಿಚ್ಚಿದ್ದವು. ರೆಕ್ಕೆಯ ತುದಿಯ ಉದ್ದಗರಿಗಳು ಒಂದೊಂದಾಗಿ ಎಣಿಸಲು ಬರುವಷ್ಟು ಸ್ಪಷ್ಟ. ನಡುವೆ ಎದೆಯ ದುಂಡು, ಅದರ ಮೇಲೆ ತಲೆ ತಾಗಿದ ಚಿಕ್ಕ ಮಚ್ಚೆ. ಬಳಿದದ್ದು ಬಣ್ಣವಲ್ಲ, ತೀರ ನಯವಾದ ಬೂದುಬಿಳಿ ಪುಡಿ. ಬೆರಳಿಟ್ಟರೆ ಅಳಿಸಿಹೋಗುತ್ತಿತ್ತು. ಪಕ್ಕದ ಮನೆಯ ಮುನಿಯಮ್ಮನವರು ಬಂದು ನೋಡಿ, ‘ಗರುಡಸ್ವಾಮಿ ಬಂದು ಹೋಗವ್ನೆ ಕಣಮ್ಮ, ಹೊಸಮನೆಗೆ ಒಳ್ಳೇದಾಗ್ತದೆ’ ಎಂದು ಕೆಳಗೊಂದು ಕುಂಕುಮದ ಬೊಟ್ಟಿಟ್ಟು ಕೈಮುಗಿದರು. ಗರುಡಸ್ವಾಮಿ ನಂದಬಟ್ಟಲು ಗಿಡದ ಬುಡದಲ್ಲಿ ಬಿದ್ದಿದ್ದ. ಅದೊಂದು ಬೆಳವ. ಕತ್ತಿನ ಹಿಂದಿನ ಕಪ್ಪುಬಿಳಿ ಚುಕ್ಕೆಯ ಪಟ್ಟಿ ಹಾಗೇ ಹೊಳೆಯುತ್ತಿತ್ತು, ಕತ್ತು ಮಾತ್ರ ಮುರಿದಿತ್ತು. ಪಾರಿವಾಳ, ಬೆಳವಗಳ ಗರಿಯಲ್ಲಿ ಸಣ್ಣ ಪುಡಿ ಸದಾ ಉದುರುತ್ತಿರುತ್ತದೆ. ಮೈ ನೆನೆಯದಿರಲೆಂದು ಪ್ರಕೃತಿ ಕೊಟ್ಟ ಪೌಡರು. ಅದೇ ಗಾಜಿಗೆ ಅಂಟಿ ಅಷ್ಟು ಚೆಂದದ ಅಚ್ಚು ಬಿದ್ದಿತ್ತು.

ಹಕ್ಕಿ ಗಾಜಿಗೆ ಬಡಿಯುವುದು ಎರಡು ಕಾರಣಕ್ಕೆ. ಗಾಜು ಕನ್ನಡಿಯಾದರೆ ಅದರಲ್ಲಿ ಕಾಣುವ ಮರಕ್ಕೆ, ಮುಗಿಲಿಗೆ ಹಾರುತ್ತದೆ. ಗಾಜು ಪಾರದರ್ಶಕವಾದರೆ ಅದರಾಚೆ ಕಾಣುವ ಕುಂಡದ ಗಿಡಕ್ಕೋ, ಎದುರು ಕಿಟಕಿಯಲ್ಲಿ ಕಾಣುವ ಬಯಲಿಗೋ ಹಾರುತ್ತದೆ. ‘ಅದಕ್ಕೆ ಕಣ್ಣು ಕಾಣಲ್ವಾ?’ ಎಂದು ಭಾವ ಕೇಳಿದರು. ಕಾಣುತ್ತದೆ, ನಮಗಿಂತ ಚೆನ್ನಾಗಿಯೇ ಕಾಣುತ್ತದೆ. ನಮಗೂ ಗಾಜು ಕಣ್ಣಿಗೆ ಕಾಣುವುದಿಲ್ಲ. ಚೌಕಟ್ಟು, ಹಿಡಿಕೆ, ‘ತಳ್ಳಿ’ ಎಂಬ ಚೀಟಿ ಕಾಣುತ್ತದೆ, ಅದರಿಂದ ಊಹಿಸುತ್ತೇವೆ. ಚೀಟಿ ಉದುರಿಹೋದ ದಿನ ಬ್ಯಾಂಕಿನ ಬಾಗಿಲಿಗೆ ನಮ್ಮ ಮೂಗೂ ತಾಗುತ್ತದೆ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಡೇನಿಯಲ್ ಕ್ಲೆಮ್ ಎಂಬ ಪ್ರಾಧ್ಯಾಪಕರಿದ್ದಾರೆ. 1974ರಿಂದ ಅವರಿಗೆ ಇದೇ ಧ್ಯಾನ: ಹಕ್ಕಿ ಗಾಜಿಗೇಕೆ ಬಡಿಯುತ್ತದೆ, ತಪ್ಪಿಸುವುದು ಹೇಗೆ. ಅವರು ಶುರುಮಾಡಿದಾಗ ಇದೂ ಒಂದು ವಿಷಯವೇ ಎಂದವರೇ ಹೆಚ್ಚು. 2014ರಲ್ಲಿ ಬೇರೆ ವಿಜ್ಞಾನಿಗಳು ಲೆಕ್ಕಹಾಕಿ, ಅಮೆರಿಕವೊಂದರಲ್ಲೇ ವರ್ಷಕ್ಕೆ ಮೂವತ್ತಾರೂವರೆ ಕೋಟಿಯಿಂದ ಸುಮಾರು ತೊಂಬತ್ತೊಂಬತ್ತು ಕೋಟಿ ಹಕ್ಕಿಗಳು ಗಾಜಿಗೆ ಬಡಿದು ಸಾಯುತ್ತವೆಂದು ಅಂದಾಜು ಮಾಡಿದರು. ಆ ಲೆಕ್ಕದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಕೋಟಿಗಳಲ್ಲ. ಗಗನಚುಂಬಿ ಕಟ್ಟಡಗಳ ಪಾಲು ನೂರಕ್ಕೆ ಒಂದಕ್ಕೂ ಕಡಿಮೆ. ಒಂದರಿಂದ ಮೂರು ಅಂತಸ್ತಿನ ವಾಸದ ಮನೆಗಳದ್ದೇ ನೂರಕ್ಕೆ 44, ಉಳಿದದ್ದು ನಡುಗಾತ್ರದ ಕಟ್ಟಡಗಳದು. ಮುಗಿಲೆತ್ತರದ ಕಟ್ಟಡಗಳ ಸಂಖ್ಯೆ ಕಡಿಮೆ, ಮನೆಗಳು ಕೋಟ್ಯಂತರ. ಅದೇ ಇದರ ಗುಟ್ಟು. ಹಾಗಾಗಿ ಇದು ಬೆಂಗಳೂರಿನ ಐಟಿ ಪಾರ್ಕುಗಳ ಪಾಪ, ನಮಗೇನು ಎಂದು ಮಾಲೂರಿನ ಡಬಲ್ ಡ್ಯೂಪ್ಲೆಕ್ಸಿನವರು ಕೈತೊಳೆದುಕೊಳ್ಳುವಂತಿಲ್ಲ.

ಗಾಜಿಗೆ ಬಡಿದವರಲ್ಲಿ ಹೆಸರು ಪಡೆದವನು ದುರ್ಯೋಧನ. ಮಯ ಕಟ್ಟಿದ ಸಭೆಯಲ್ಲಿ ಸ್ಫಟಿಕದ ಬಾಗಿಲನ್ನು ಬಯಲೆಂದು ತಿಳಿದು ಹಣೆ ಬಡಿಸಿಕೊಂಡ. ನೋಡಿದವರು ನಕ್ಕರು. ಆ ಒಂದು ಬುಗುಟಿಗೆ ಜೂಜಾಯಿತು, ವನವಾಸವಾಯಿತು, ಹದಿನೆಂಟು ಅಕ್ಷೌಹಿಣಿ ಮಣ್ಣಾಯಿತು. ಯುದ್ಧವೆಲ್ಲ ಮುಗಿದ ಮೇಲೆ ಅರ್ಜುನ ತನ್ನ ಧ್ವಜದ ಹನುಮನನ್ನು ತಂದು ಮುಳಬಾಗಿಲಿನಲ್ಲಿ ಪ್ರತಿಷ್ಠೆ ಮಾಡಿದನೆಂದು ಸ್ಥಳಪುರಾಣ. ಅಂದರೆ ಗಾಜಿನ ಎಲಿವೇಷನ್ನಿಗೂ ನಮ್ಮ ಜಿಲ್ಲೆಗೂ ನಂಟು ಇಂದು ನೆನ್ನೆಯದಲ್ಲ. ಹಕ್ಕಿಗಳ ಕಡೆ ಶಕುನಿಯಿಲ್ಲ. ಇದ್ದಿದ್ದರೆ ಈ ಹೊತ್ತಿಗೆ ನಮ್ಮ ಗತಿ ಏನಾಗುತ್ತಿತ್ತೋ.

ಮುಳಬಾಗಿಲೆಂದ ಮೇಲೆ ದೋಸೆ ನೆನೆಯದೆ ಮುಂದೆ ಹೋಗಲಾಗದು. ಹೆದ್ದಾರಿಯ ಒಂದು ಹೋಟೆಲಿನಲ್ಲಿ ದಪ್ಪನೆಯ, ಅಂಚು ಕೆಂಪಾದ ದೋಸೆಗೆ ಕಾದು ಕೂತಿದ್ದಾಗ ಇನ್ನೊಂದು ಬಗೆಯ ಗಾಜುಜಗಳ ಕಂಡೆ. ಹೊರಗೆ ನಿಲ್ಲಿಸಿದ್ದ ಸ್ಕೂಟರಿನ ಕನ್ನಡಿಯ ಮೇಲೆ ಒಂದು ಗಂಡು ಸೂರಕ್ಕಿ. ಬಿಸಿಲಿಗೆ ನೀಲಿ-ನೇರಳೆಯಾಗಿ ಮಿನುಗುವ, ಹೆಬ್ಬೆಟ್ಟಿನುದ್ದದ ದೇಹ. ಕನ್ನಡಿಯಲ್ಲಿ ತನ್ನಂಥವನೇ ಇನ್ನೊಬ್ಬನನ್ನು ಕಂಡು ಕುಕ್ಕುತ್ತಿತ್ತು, ಹಾರಿ ಹಿಂದಕ್ಕೆ ಹೋಗಿ ನೋಡುತ್ತಿತ್ತು, ಯಾರೂ ಇಲ್ಲ. ಮತ್ತೆ ಮುಂದಕ್ಕೆ ಬಂದರೆ ಎದುರಾಳಿ ಹಾಜರು. ನನ್ನ ದೋಸೆ ಬಂತು, ಮುಗಿಯಿತು, ಕಾಫಿಯೂ ಆಯಿತು, ವ್ಯಾಜ್ಯ ಮುಗಿಯಲಿಲ್ಲ. ಸ್ಕೂಟರಿನ ಯಜಮಾನ ಬಂದು ‘ದಿನಾ ಇದೇ ಗೋಳು ಸಾರ್’ ಎಂದು ಡಿಕ್ಕಿಯಿಂದ ಹಳೆಯ ಕಾಲುಚೀಲ ತೆಗೆದು ಕನ್ನಡಿಗೆ ತೊಡಿಸಿ ಮತ್ತೆ ಒಳಗೆ ಹೋದ. ಮರಿಮಾಡುವ ಕಾಲದಲ್ಲಿ ಸೂರಕ್ಕಿ, ಮಡಿವಾಳ, ಪಿಕಳಾರಗಳು ಹೀಗೆ ತಮ್ಮ ಬಿಂಬದೊಡನೆ ಗಡಿಜಗಳ ಆಡುತ್ತವೆ. ಇದರಿಂದ ಸಾಮಾನ್ಯವಾಗಿ ಪ್ರಾಣ ಹೋಗುವುದಿಲ್ಲ, ಹೊತ್ತೂ ಕಸುವೂ ಹೋಗುತ್ತವೆ. ನರಸಾಪುರದ ಹೋಂಡಾ ಕಾರ್ಖಾನೆ 2013ರಿಂದ ಸ್ಕೂಟರುಗಳನ್ನು ಹೊರಬಿಡುತ್ತಿದೆ. ಒಂದೊಂದಕ್ಕೂ ಎರಡೆರಡು ಕನ್ನಡಿ. ನಮ್ಮ ಸೂರಕ್ಕಿಗಳಿಗೆ ಶತ್ರುಗಳನ್ನು ಒದಗಿಸುವುದರಲ್ಲಿ ಜಿಲ್ಲೆ ಸ್ವಾವಲಂಬಿ. ಇದಕ್ಕೆ ಕಾಲುಚೀಲವೇ ಸರಿಯಾದ ಮದ್ದು.

ಗೋಡೆಯ ಗಾಜಿಗೆ ಕಾಲುಚೀಲ ತೊಡಿಸಲಾಗದು. ಅಕ್ಕನ ಮನೆಯಲ್ಲಿ ಬೆಳವದ ನಂತರ ಎರಡು ಪಿಕಳಾರ, ಒಂದು ಸಿಂಪಿಗ ಬಿದ್ದವು. ಭಾವ ದೃಷ್ಟಿಯಾಗಿದೆ ಎಂದರು. ಮೀಸೆ ಹೊತ್ತ, ನಾಲಗೆ ಚಾಚಿದ ರಾಕ್ಷಸನ ಮುಖವೊಂದು ಮಹಡಿಯ ಮೇಲೆ ಬಂದು ಕೂತಿತು. ಹಕ್ಕಿಗಳು ಅದರ ಕೊಂಬಿನ ಮೇಲೆ ಕೂತು ದಣಿವಾರಿಸಿಕೊಂಡು ಅಲ್ಲಿಂದಲೇ ಗಾಜಿಗೆ ಹಾರತೊಡಗಿದವು. ಆಮೇಲೆ ಮಗಳು ಆನ್‌ಲೈನಿನಲ್ಲಿ ಗಿಡುಗದ ಕಪ್ಪು ಸ್ಟಿಕರು ತರಿಸಿ ಗಾಜಿನ ನಡುಮಧ್ಯೆ ಅಂಟಿಸಿದಳು. ವಿದೇಶದಲ್ಲೂ ಬಹುಕಾಲ ಇದನ್ನೇ ಮಾಡಿ ಸೋತರು. ಅಲುಗದೆ ನಿಂತ ಗಿಡುಗ ಗಿಡುಗವಲ್ಲವೆಂಬುದು ಹಕ್ಕಿಗೆ ಬೇಗ ತಿಳಿಯುತ್ತದೆ. ಟೊಮೆಟೊ ಹೊಲದ ಬೆದರುಗೊಂಬೆಯ ತಲೆಯ ಮೇಲೆ ಗೊರವಂಕ ಕೂರುವುದನ್ನು ಕಂಡ ಯಾವ ರೈತನನ್ನು ಕೇಳಿದರೂ ಹೇಳಿಯಾನು. ಹಕ್ಕಿ ಆ ಸ್ಟಿಕರನ್ನು ಒಂದು ಅಡಚಣೆಯೆಂದಷ್ಟೇ ತಿಳಿದು, ಅದರ ಪಕ್ಕದ ಖಾಲಿ ಜಾಗದಲ್ಲಿ ನುಗ್ಗಲು ನೋಡಿ ಅಲ್ಲೇ ಬಡಿದುಕೊಳ್ಳುತ್ತದೆ.

ಕ್ಲೆಮ್ ಅವರೂ ಅವರ ನಂತರದವರೂ ಪರೀಕ್ಷೆ ಮಾಡಿ ಕಂಡದ್ದಿಷ್ಟು: ಹಕ್ಕಿಯನ್ನು ಹೆದರಿಸಬೇಕಾಗಿಲ್ಲ, ಇಲ್ಲಿ ಸಂದಿಲ್ಲ ಎಂದು ತಿಳಿಸಿದರೆ ಸಾಕು. ದಟ್ಟ ಮರದ ಕೊಂಬೆಗಳ ನಡುವೆ ನುಸುಳಿ ಅಭ್ಯಾಸವಾದ ಚಿಕ್ಕ ಹಕ್ಕಿ ಅಂಗೈಯಗಲದ ಸಂದಿಗೂ ನುಗ್ಗುತ್ತದೆ. ಆದ್ದರಿಂದ ಗಾಜಿನ ತುಂಬ ಗುರುತುಗಳಿರಬೇಕು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಎರಡಂಗುಲಕ್ಕಿಂತ ಹೆಚ್ಚು ಜಾಗ ಬಿಡಬಾರದು, ಅಡ್ಡಕ್ಕೂ ಉದ್ದಕ್ಕೂ. ಚುಕ್ಕಿ ಕಾಲಂಗುಲವಾದರೂ ಇರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಗುರುತು ಗಾಜಿನ ಹೊರಮಗ್ಗುಲಿಗಿರಬೇಕು. ಒಳಗಿಟ್ಟರೆ ಹಗಲಿನ ಪ್ರತಿಬಿಂಬ ಅದನ್ನು ಮುಚ್ಚಿಬಿಡುತ್ತದೆ.

ಇದು ಕೆಲಸ ಮಾಡುತ್ತದೆಯೇ? ಷಿಕಾಗೋ ನಗರದ ಕೆರೆದಂಡೆಯಲ್ಲಿ ಮೆಕಾರ್ಮಿಕ್ ಪ್ಲೇಸ್ ಎಂಬ ದೊಡ್ಡ ಸಮಾವೇಶ ಭವನವಿದೆ. 2023ರ ಅಕ್ಟೋಬರ್ 5ರಂದು ಬೆಳಗಾಗುವಾಗ ಅದರ ಗಾಜಿನ ಬುಡದಲ್ಲಿ ಹೆಚ್ಚುಕಡಿಮೆ ಸಾವಿರ ಹಕ್ಕಿಗಳು ಸತ್ತುಬಿದ್ದಿದ್ದವು. ಎಲ್ಲವೂ ದಕ್ಷಿಣಕ್ಕೆ ವಲಸೆ ಹೊರಟವು. ರಾತ್ರಿಯ ದೀಪದ ಸೆಳೆತಕ್ಕೆ ಸಿಕ್ಕಿ ಗಾಜಿಗೆ ಬಲಿಯಾದವು. ಲೋಕವೆಲ್ಲ ಛೀಮಾರಿ ಹಾಕಿತು. 2024ರ ಬೇಸಿಗೆಯಲ್ಲಿ ಭವನದವರು ಸುಮಾರು 12 ಲಕ್ಷ ಡಾಲರ್ ಸುರಿದು ಇಡೀ ಗಾಜಿಗೆ ಹೊರಗಿನಿಂದ ಫಿಲ್ಮ್ ಅಂಟಿಸಿದರು. ಆ ವರ್ಷದ ವಲಸೆ ಕಾಲದಲ್ಲಿ ಸಾವು ನೂರಕ್ಕೆ 95ರಷ್ಟು ಇಳಿಯಿತು. ಆ ಫಿಲ್ಮಿನಲ್ಲಿ ಇದ್ದದ್ದೇನು? ಸಾಲುಸಾಲಾಗಿ ಸಣ್ಣಸಣ್ಣ ಚುಕ್ಕಿಗಳು.

ಇದನ್ನು ನಾನು ಅಕ್ಕನಿಗೆ ಹೇಳಿದಾಗ ಅವಳು ಒಂದು ಗಳಿಗೆ ಸುಮ್ಮನಿದ್ದು, ‘ಅಷ್ಟು ದುಡ್ಡು ಕೊಟ್ಟು ಚುಕ್ಕಿ ಇಡಿಸ್ಕೊಂಡ್ರಾ?’ ಎಂದಳು. ಅವಳ ಬೆರಗು ನ್ಯಾಯವಾದದ್ದು. ನಾಲ್ಕು ದಶಕದಿಂದ ಅವಳು ಬೆಳಗಾಗೆದ್ದು ಕಾಫಿಗೂ ಮುಂಚೆ ಮಾಡುವ ಕೆಲಸವೇ ಅದು. ನೇರ ಚುಕ್ಕಿಯಾದರೆ ಸಾಲಿನ ಕೆಳಗೆ ಸಾಲು, ಸಂದು ಚುಕ್ಕಿಯಾದರೆ ಎರಡರ ನಡುವಿಗೊಂದು. ಅಳತೆಪಟ್ಟಿಯಿಲ್ಲ, ದಾರವಿಲ್ಲ, ಬಗ್ಗಿ ಎರಡು ಬೆರಳಿನಿಂದ ಪುಡಿ ಬಿಡುತ್ತ ಹೋದರೆ ಹದಿನೈದಕ್ಕೆ ಹದಿನೈದು ಚುಕ್ಕಿ ಒಂದಿಷ್ಟೂ ಅತ್ತಿತ್ತಾಗದೆ ಕೂರುತ್ತವೆ. ನಮ್ಮ ಗಡಿಸೀಮೆಯಲ್ಲಿ ಕನ್ನಡದವರು ರಂಗೋಲಿ ಅನ್ನಲಿ, ತೆಲುಗಿನವರು ಮುಗ್ಗು ಅನ್ನಲಿ, ಎರಡಂಗುಲದ ಅಂತರ ಎಲ್ಲರ ಕೈಯಲ್ಲೂ ಒಂದೇ. ಪೆನ್ಸಿಲ್ವೇನಿಯಾದ ಪ್ರಾಧ್ಯಾಪಕರು ಅಷ್ಟು ವರ್ಷ ಕಷ್ಟಪಟ್ಟು ತಲುಪಿದ ಅಳತೆ ಶ್ರೀನಿವಾಸಪುರದ ಹೊಸ್ತಿಲಲ್ಲಿ ಆಗಲೇ ಇತ್ತು. ನೆಲದಿಂದ ಎದ್ದು ಗಾಜಿಗೆ ಹೋಗಬೇಕಾಗಿತ್ತು, ಅಷ್ಟೇ.

ಹೋಗುವುದೇ ಕಷ್ಟವಾಯಿತು. ‘ಲಕ್ಷಗಟ್ಟಲೆ ಕೊಟ್ಟು ಹಾಕ್ಸಿರೋ ಗಾಜಿಗೆ ಅಮ್ಮ ಆದಂಗೆ ಚುಕ್ಕಿ ಇಡ್ತೀಯಾ?’ ಎಂದು ಭಾವ ಎಗರಾಡಿದರು. ಗಾಜನ್ನು ಒರೆಸದೆ ಬಿಟ್ಟರೂ ಆದೀತೆಂದು ನಾನು ರಾಜಿ ಸೂತ್ರ ಮುಂದಿಟ್ಟೆ. ನಮ್ಮ ಜಿಲ್ಲೆಯ ಧೂಳು ಸಾಮಾನ್ಯದ್ದಲ್ಲ. ಜಲ್ಲಿ ಕ್ರಷರು, ಇಟ್ಟಿಗೆ ಗೂಡು, ಒಣಗಿದ ಕೆರೆಯಂಗಳ ಮೂರೂ ಸೇರಿ ಕಳಿಸುವಂಥದ್ದು. ಎರಡು ತಿಂಗಳು ಬಿಟ್ಟರೆ ಯಾವ ಗಾಜಿನಲ್ಲೂ ಯಾವ ತೋಪೂ ಕಾಣುವುದಿಲ್ಲ. ಕೊಳೆಗಾಜಿಗಿಂತ ತೊಳೆದ ಗಾಜೇ ಹಕ್ಕಿಗೆ ಅಪಾಯ. ಈ ಲೆಕ್ಕದಲ್ಲಿ ಸೋಮಾರಿಗಳ ಮನೆ ಒಂದು ಚಿಕ್ಕ ಪಕ್ಷಿಧಾಮ. ಅಕ್ಕ ಕಣ್ಣುಬಿಟ್ಟಳು. ದೀಪಾವಳಿಗೆ ಮನೆ ತೊಳೆಯದವರ ಸಂಬಂಧವೇ ಬೇಡವೆಂದಳು. ಸೂತ್ರ ಬಿದ್ದುಹೋಯಿತು.

ಬೇರೆ ದಾರಿಗಳೂ ಇದ್ದವು. ಸೊಳ್ಳೆಯ ಜಾಲರಿಯನ್ನು ಗಾಜಿನ ಒಳಗಲ್ಲ, ಹೊರಗೆ ಬರುವಂತೆ ಬಿಗಿದರೆ ಬಿಂಬವೂ ಮುರಿಯುತ್ತದೆ, ಬಡಿದರೂ ಪೆಟ್ಟು ಕಡಿಮೆ. ಅಮೆರಿಕದಲ್ಲಿ ಕಿಟಕಿಯ ಹೊರಗೆ ಮೇಲಿನಿಂದ ಕೆಳಗೆ ನಾಲ್ಕಂಗುಲಕ್ಕೊಂದು ಹಗ್ಗ ಇಳಿಬಿಡುತ್ತಾರೆ; ಗಾಳಿಗೆ ಆಡುವ ಹಗ್ಗವನ್ನು ಹಕ್ಕಿ ದೂರದಿಂದಲೇ ಕಾಣುತ್ತದೆ. ಅದಕ್ಕೆ ಡಾಲರು ಬೇಕಿಲ್ಲ. ಟೊಮೆಟೊ ಗಿಡವನ್ನು ಕೋಲಿಗೆ ಕಟ್ಟುವ ದಾರ ಕೋಲಾರದ ಯಾವ ರೈತನ ಮನೆಯ ಮೂಲೆಯಲ್ಲಿಲ್ಲ? ಬೇಸಿಗೆಯಲ್ಲಿ ಹಕ್ಕಿಗಳಿಗೆ ನೀರಿಡುವವರು ಬೋಗುಣಿಯನ್ನು ಕಿಟಕಿಗೆ ತೀರ ಹತ್ತಿರ, ಮೂರಡಿಯೊಳಗೆ ಇಡಬೇಕು. ಅಷ್ಟರಲ್ಲಿ ಹಾರಿದರೆ ಪ್ರಾಣ ಹೋಗುವ ವೇಗ ಬರುವುದಿಲ್ಲ. ಇಲ್ಲವಾದರೆ ದೂರ, ತೋಪಿನ ಕಡೆಗೇ ಇಡಬೇಕು. ಪುಣ್ಯಕ್ಕೆಂದು ಇಟ್ಟ ನೀರು ನಡುವಂತರದಲ್ಲಿದ್ದರೆ ಪಾಪಕ್ಕೆ ದಾರಿ.

ಭಾವನ ಮನಸ್ಸು ತಿರುಗಿದ್ದು ವಾದದಿಂದಲ್ಲ. ಮಾವಿನ ಸುಗ್ಗಿಯ ಒಂದು ಮಧ್ಯಾಹ್ನ ಅವರ ಕಣ್ಣೆದುರೇ ಕಂಚುಗಾರ ಹಕ್ಕಿಯೊಂದು ಗಾಜಿಗೆ ಬಡಿದು ಮೆಟ್ಟಿಲ ಮೇಲೆ ಬಿತ್ತು. ಬೇಸಿಗೆಯೆಲ್ಲ ತೋಪಿನ ಮೇಲುಗೊಂಬೆಯಲ್ಲಿ ಕೂತು ‘ಟಂಕ್ ಟಂಕ್’ ಎಂದು ತಾಮ್ರ ಬಡಿಯುವ ಹಕ್ಕಿ. ಸದ್ದು ಕೇಳದವರಿಲ್ಲ, ಹತ್ತಿರದಿಂದ ಕಂಡವರು ಕಡಿಮೆ. ಹಸಿರು ಮೈ, ಹಣೆಗೂ ಎದೆಗೂ ಕುಂಕುಮ, ಕಣ್ಣ ಸುತ್ತ ಹಳದಿ, ದಪ್ಪ ಕೊಕ್ಕಿನ ಬುಡದಲ್ಲಿ ಮೀಸೆಕೂದಲು. ಕೊಕ್ಕು ತೆರೆದು ಮೇಲುಸಿರು ಬಿಡುತ್ತಿತ್ತು. ‘ಬಾಯಿಗೆ ಒಂಚೂರು ನೀರು ಬಿಡೋ’ ಎಂದು ಅಕ್ಕ ಚೊಂಬು ತಂದಳು. ನಮ್ಮ ಜನಕ್ಕೆ ಯಾರು ಬಿದ್ದರೂ ಮೊದಲು ನೀರು. ಪೆಟ್ಟುಬಿದ್ದ ಹಕ್ಕಿಗೆ ಮಾತ್ರ ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಕುತ್ತು. ಅದಕ್ಕೆ ಬೇಕಾದದ್ದು ಕತ್ತಲೆ, ಮೌನ, ಒಂದಿಷ್ಟು ಹೊತ್ತು. ಮಂಡಿಯವರ ಮನೆಯಲ್ಲಿ ಅದಕ್ಕೆ ಬೇಕಾದ ಆಸ್ಪತ್ರೆ ರಾಶಿ ರಾಶಿ ಬಿದ್ದಿತ್ತು: ಬಾದಾಮಿ ತುಂಬುವ ರಟ್ಟಿನ ಪೆಟ್ಟಿಗೆ, ಗಾಳಿಗೆ ತೂತುಗಳನ್ನು ಕಾರ್ಖಾನೆಯವರೇ ಕೊರೆದು ಕೊಟ್ಟಿರುತ್ತಾರೆ. ತಳಕ್ಕೊಂದು ಹಳೆ ಪಂಚೆಯ ತುಂಡು ಹಾಸಿ, ಹಕ್ಕಿಯನ್ನಿಟ್ಟು, ಮುಚ್ಚಿ, ಬೆಕ್ಕಿಗೆ ಸಿಗದಂತೆ ಅಟ್ಟದ ಮೇಲಿಟ್ಟೆವು. ಗಂಟೆ ಕಳೆದ ಮೇಲೆ ಪೆಟ್ಟಿಗೆಯೊಳಗೆ ಪರಚುವ ಸದ್ದು. ಭಾವನೇ ಅದನ್ನು ತೋಪಿಗೆ ಒಯ್ದು ಮುಚ್ಚಳ ತೆಗೆದರು. ಹಕ್ಕಿ ಹಾರಿ ರಸಪುರಿ ಮರ ಸೇರಿತು. ಹಾರಿಹೋದವೆಲ್ಲ ಉಳಿಯುವುದಿಲ್ಲ, ಒಳಗಿನ ರಕ್ತಸ್ರಾವಕ್ಕೆ ಆಮೇಲೆ ಸಾಯುವುವೂ ಉಂಟು. ಭಾವ ಅಂದು ಕೇಳಿದ್ದು ಒಂದೇ ಮಾತು: ‘ಆ ಚುಕ್ಕಿ ಬಿಳೀದೇ ಆಗಬೇಕಾ?’

ದೊಡ್ಡ ಗಾಜುಗಳ ವಿಚಾರ ಬೇರೆ. ಹೆದ್ದಾರಿಯುದ್ದಕ್ಕೂ ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳ ಜೊತೆಗೆ ಕನ್ವೆನ್ಷನ್ ಹಾಲುಗಳು ಎದ್ದಿವೆ. ಆರತಕ್ಷತೆಯ ರಾತ್ರಿ ಹಗಲಾಗುವಷ್ಟು ದೀಪ. ಅಕ್ಟೋಬರ್-ನವೆಂಬರಿನಲ್ಲಿ ಇದೇ ಆಕಾಶದಲ್ಲಿ ವಲಸೆ ಹಕ್ಕಿಗಳು ಇಳಿದುಬರುತ್ತವೆ. ಅವುಗಳಲ್ಲಿ ನವರಂಗ ಒಂದು. ಹಿಮಾಲಯದ ತಪ್ಪಲು, ಮಧ್ಯಭಾರತದ ಕಾಡುಗಳಲ್ಲಿ ಮರಿಮಾಡಿ, ಚಳಿಗಾಲಕ್ಕೆ ನಮ್ಮಲ್ಲಿಗೂ ಸಿಂಹಳದವರೆಗೂ ಬರುವ ಮೋಟುಬಾಲದ ಹಕ್ಕಿ. ಬೆಳಗಿನ ಆರಕ್ಕೂ ಸಂಜೆಯ ಆರಕ್ಕೂ ಕೂಗುವುದರಿಂದ ಗಡಿಯಾಚೆಯ ತಮಿಳರು ಅದನ್ನು ಆರುಮಣಿ ಕುರುವಿ ಅನ್ನುತ್ತಾರೆ. ರಾತ್ರಿ ಹಾರುತ್ತದೆ, ನೂರಾರು ಮೈಲಿ ದಣಿದಿರುತ್ತದೆ, ದೀಪಕ್ಕೆ ದಿಕ್ಕುತಪ್ಪಿ ಮನೆಯೊಳಕ್ಕೆ ನುಗ್ಗುತ್ತದೆ ಅಥವಾ ಗಾಜಿಗೆ ಬಡಿಯುತ್ತದೆ. ಬೆಂಗಳೂರಿನ ಹಕ್ಕಿ ಆರೈಕೆಯವರಿಗೆ ಅದು ಪರಿಚಿತ ರೋಗಿ. ಕನ್ವೆನ್ಷನ್ ಹಾಲಿನ ಯಜಮಾನರು ಈ ಎರಡು ತಿಂಗಳು ಊಟದ ಪಂಕ್ತಿ ಎದ್ದ ಮೇಲಾದರೂ ಹೊರದೀಪ ಆರಿಸಿದರೆ ಕರೆಂಟು ಬಿಲ್ಲೂ ಉಳಿಯುತ್ತದೆ.

ಹಕ್ಕಿಗಳು ಹೆಚ್ಚುತ್ತಿರುವ ಹೊತ್ತಿಗೇ ಗಾಜೂ ಹೆಚ್ಚುತ್ತಿದೆ ಎಂಬುದು ನಮ್ಮ ಜಿಲ್ಲೆಯ ವಿಚಿತ್ರ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಲಕ್ಷ್ಮೀಸಾಗರ ಕೆರೆಗೆ ಬಂತು, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯಿತು. ಆ ನೀರಿನ ಗುಣದ ಬಗ್ಗೆ ಜಗಳ ಇನ್ನೂ ಇದೆ, ಇರಬೇಕಾದದ್ದೇ. ಆದರೆ ನೀರಿದ್ದಲ್ಲಿಗೆ ಕೊಕ್ಕರೆ, ನೀರುಕಾಗೆ, ಮಿಂಚುಳ್ಳಿ ಬಂದವು. ಕರೆದ ಮೇಲೆ ಅವುಗಳ ಜೀವಕ್ಕೆ ನಾವು ಜವಾಬ್ದಾರರು. ಬಾವಲಿಗೂ ಈ ಮಾತು ಸಲ್ಲುತ್ತದೆ. ನುಣುಪಾದ ನೆಟ್ಟನೆಯ ಗೋಡೆ ಬಾವಲಿಯ ಕೂಗನ್ನು ಬೇರೆಡೆಗೆ ಚಿಮ್ಮಿಸುವುದರಿಂದ ಅಲ್ಲಿ ಬಯಲಿದೆಯೆಂದು ಅದು ಭ್ರಮಿಸಿ ಬಡಿಯುತ್ತದೆ ಎಂದು 2017ರಲ್ಲಿ ವಿಜ್ಞಾನಿಗಳು ತೋರಿಸಿದರು. ಹಕ್ಕಿಗೆ ಕಣ್ಣಿನ ಮೋಸ, ಬಾವಲಿಗೆ ಕಿವಿಯ ಮೋಸ. ಕೋಲಾರದ ಹೆಸರನ್ನೇ ಹೊತ್ತ ಎಲೆಮೂಗಿನ ಬಾವಲಿ ಈಗ ಲೋಕದಲ್ಲಿ ಉಳಿದಿರುವುದು ಈ ಜಿಲ್ಲೆಯ ಹನುಮನಹಳ್ಳಿಯ ಗವಿಯಲ್ಲಿ ಮಾತ್ರ, ಅದೂ ಕೆಲವೇ ನೂರರೊಳಗೆ. ಆ ಗವಿಯ ಸುತ್ತ ಯಾರೂ ಗಾಜಿನ ರೆಸಾರ್ಟ್ ಕಟ್ಟದಿರಲಿ.

ಟೊರಾಂಟೊ ನಗರ 2010ರಿಂದ ಹೊಸ ಕಟ್ಟಡಗಳಿಗೆ ಹಕ್ಕಿ ಬಡಿಯದಂಥ ಗಾಜಿನ ನಿಯಮ ಮಾಡಿದೆ. ನ್ಯೂಯಾರ್ಕಿನ ಕಾನೂನು 2021ರ ಜನವರಿಯಿಂದ ಜಾರಿಯಲ್ಲಿದೆ, ಕೆಳಗಿನ 75 ಅಡಿಯವರೆಗೆ ಗುರುತುಳ್ಳ ಗಾಜೇ ಹಾಕಬೇಕು. ನಮ್ಮಲ್ಲಿ ನಕ್ಷೆಗೆ ಮೊಹರು ಒತ್ತುವವರು ಸಜ್ಜಾ ಎಷ್ಟು, ಸೆಟ್‌ಬ್ಯಾಕ್ ಎಷ್ಟು ಎಂದು ಕೇಳುವಾಗ ಗಾಜಿಗೆ ಚುಕ್ಕಿಯುಂಟೋ ಎಂದು ಒಂದು ಮಾತು ಸೇರಿಸಿದರೆ ಆಯಿತು. ಹೊಸ ವಿದ್ಯೆಯೇನೂ ಬೇಡ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಗುವವರೆಗೂ ನಮ್ಮ ಜಿಲ್ಲೆಯದೇ ಆಗಿದ್ದ ನಂದಿಯ ಭೋಗನಂದೀಶ್ವರನ ಗುಡಿಗೆ ಹೋಗಿ ನೋಡಿ: ಕಲ್ಲಿನ ಕಿಟಕಿಯಲ್ಲಿ ಶಿವ ಕುಣಿಯುತ್ತಿದ್ದಾನೆ. ಗಾಳಿಯೂ ಬೆಳಕೂ ಒಳಗೆ ಬರುತ್ತವೆ, ಯಾವ ಹಕ್ಕಿಯೂ ಅದಕ್ಕೆ ತಲೆ ಚಚ್ಚಿಕೊಂಡಿಲ್ಲ.

ಶ್ರೀನಿವಾಸಪುರದ ಗಾಜಿಗೆ ಈಗ ಬಿಳಿಯ ಚುಕ್ಕಿಗಳಿವೆ, ಸಂದು ಚುಕ್ಕಿ. ಏಣಿ ಹತ್ತಿದ ಪೇಂಟರಿಗೆ ಅಕ್ಕ ಕೆಳಗಿನಿಂದ ಸಾಲು ತಪ್ಪಿದಾಗಲೆಲ್ಲ ಗದರಿಸಿ ಇಡಿಸಿದ್ದು. ‘ಡಿಸೈನ್ ಎಲ್ಲಿಂದ ತರ್ಸಿದ್ರಿ?’ ಎಂದು ನೆಂಟರು ಕೇಳಿದರೆ ‘ಷಿಕಾಗೋ’ ಎನ್ನುತ್ತಾರೆ ಭಾವ.

ನಿಮ್ಮ ಮನೆಯ ಗಾಜಿನೆದುರು ಒಮ್ಮೆ ಹೊರಗೆ ನಿಂತು ನೋಡಿ. ಅದರಲ್ಲಿ ಮರವೋ ಮುಗಿಲೋ ಕಂಡರೆ, ಬರುವ ದೀಪಾವಳಿಗೆ ಗಾಜು ಒರೆಸಿದ ಕೈಯಲ್ಲೇ ಹೊರಮಗ್ಗುಲಿಗೆ ಎರಡಂಗುಲಕ್ಕೊಂದು ಚುಕ್ಕಿ ಇಟ್ಟುಬಿಡಿ. ಎಳೆ ಎಳೆಯುವುದು, ಬಣ್ಣ ತುಂಬುವುದು ನಿಮ್ಮಿಷ್ಟ. ಹಕ್ಕಿಗೆ ಚುಕ್ಕಿಯಷ್ಟೇ ಸಾಕು.